ಕೊನೆಗೆ ಉಣ್ಣುವವಳ ಮೂಳೆಯ ಲೆಕ್ಕ

ಎರಡು ವರ್ಷಗಳ ಹಿಂದಿನ ಆಷಾಢದ ಒಂದು ಬೆಳಿಗ್ಗೆ ನನ್ನ ಪತ್ನಿ ಬಚ್ಚಲುಮನೆಯ ಬಾಗಿಲಲ್ಲಿ ಜಾರಿ ಬಿದ್ದಳು. ಎತ್ತರದಿಂದ ಉರುಳಿದ್ದಲ್ಲ, ವಾಹನ ಬಡಿದದ್ದಲ್ಲ. ನಿಂತ ಜಾಗದಲ್ಲೇ ಪಕ್ಕಕ್ಕೆ ವಾಲಿ ಕುಸಿದದ್ದು ಅಷ್ಟೆ. ಹಾಗೆ ಬಿದ್ದ ಮಕ್ಕಳು ಧೂಳು ಕೊಡವಿಕೊಂಡು ಎದ್ದು ಓಡುತ್ತಾರೆ. ಅವಳಿಗೆ ಏಳಲಾಗಲಿಲ್ಲ. ‘ಏನೂ ಆಗಿಲ್ಲ ಬಿಡಿ, ಸ್ವಲ್ಪ ಹೊತ್ತು ಹೀಗೇ ಇರ್ತೀನಿ’ ಎಂದಳು. ಎಕ್ಸ್‌ರೇಯಲ್ಲಿ ತೊಡೆಮೂಳೆಯ ಕತ್ತು ಮುರಿದಿರುವುದು ಕಂಡಿತು. ಆಗ ಅವಳಿಗೆ 61 ವರ್ಷ.

ಶಸ್ತ್ರಚಿಕಿತ್ಸೆಯ ಮರುದಿನ ವೈದ್ಯರು ನನ್ನನ್ನು ಕೇಳಿದ ಮೊದಲ ಪ್ರಶ್ನೆ: ‘ಇದಕ್ಕೆ ಮುಂಚೆ ಎಲ್ಲಾದರೂ ಮೂಳೆ ಮುರಿದಿತ್ತೇ?’ ಮುರಿದಿತ್ತು. ಏಳು ವರ್ಷಗಳ ಹಿಂದೆ ದೀಪಾವಳಿಗೆ ಮನೆ ತೊಳೆಯುವಾಗ ಕಾಲು ಜಾರಿ, ಬಲಗೈ ಊರಿ ಮಣಿಕಟ್ಟು ಮುರಿದುಕೊಂಡಿದ್ದಳು. ಅಂದು ಬೇರೊಂದು ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ, ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟು ಕಳುಹಿಸಿದ್ದರು. ಪ್ಲಾಸ್ಟರ್ ಬಿಚ್ಚಿದ ವಾರವೇ ಮಾತ್ರೆಯೂ ನಿಂತಿತು. ಇಷ್ಟು ಸಣ್ಣ ಪೆಟ್ಟಿಗೆ ಮೂಳೆ ಏಕೆ ಮುರಿಯಿತು ಎಂದು ಅಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆ ಕೇಳದೆ ಉಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ನಾನು ವೈದ್ಯನಲ್ಲ. ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕಡತ ಮತ್ತು ಅಂಕಿಅಂಶಗಳ ನಡುವೆ ಕಳೆದವನು. ಆದರೆ ಈ ವಿಷಯವನ್ನು ಓದುತ್ತಾ ಹೋದಂತೆ ಇದರಲ್ಲಿ ವೈದ್ಯಶಾಸ್ತ್ರದಷ್ಟೇ ಅರ್ಥಶಾಸ್ತ್ರವೂ ಇದೆ ಎಂಬುದು ಮನವರಿಕೆಯಾಯಿತು. ಒಂದು ಮನೆಯೊಳಗೆ ಆಹಾರ ಹೇಗೆ ಹಂಚಿಕೆಯಾಗುತ್ತದೆ, ಯಾರ ಪಾಲಿಗೆ ಏನು ಉಳಿಯುತ್ತದೆ ಎಂಬ ಹಳೆಯ ಪ್ರಶ್ನೆಗೆ ಐವತ್ತು ದಾಟಿದ ಹೆಂಗಸಿನ ಮೂಳೆ ಒಂದು ಲೆಕ್ಕಪತ್ರದಂತೆ ಉತ್ತರ ಕೊಡುತ್ತದೆ.

ಮೂಳೆಯೆಂಬ ಭವಿಷ್ಯ ನಿಧಿ

ಮೂಳೆ ಕಲ್ಲಿನಂತೆ ಜಡವಾದುದೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಸದಾ ರಿಪೇರಿಯಲ್ಲಿರುವ ಕಟ್ಟಡ. ಹಳೆಯ ಭಾಗವನ್ನು ಕೆಡವುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಅಲ್ಲಿ ಬಿಡುವಿಲ್ಲದೆ ದುಡಿಯುತ್ತಿರುತ್ತವೆ. ಸುಮಾರು ಮೂವತ್ತು ವರ್ಷದವರೆಗೆ ಕಟ್ಟುವವರ ಕೈ ಮೇಲಾಗಿದ್ದು, ಮೂಳೆಯ ದಾಸ್ತಾನು ಬೆಳೆಯುತ್ತದೆ. ಆಮೇಲೆ ಕೆಲವು ವರ್ಷ ಜಮಾ ಖರ್ಚು ಸರಿದೂಗುತ್ತದೆ. ಸರ್ಕಾರಿ ನೌಕರರಿಗೆ ಪರಿಚಿತವಾದ ಭವಿಷ್ಯ ನಿಧಿಯ ಹಾಗೆ ಎನ್ನಬಹುದು. ವ್ಯತ್ಯಾಸವೆಂದರೆ ಇಲ್ಲಿ ಬಡ್ಡಿ ಇಲ್ಲ, ಮೂವತ್ತರ ನಂತರ ದೊಡ್ಡ ಜಮೆಗೂ ಅವಕಾಶವಿಲ್ಲ.

ಹೆಂಗಸರಲ್ಲಿ ಈ ಸಮತೋಲನವನ್ನು ಕಾಯುವುದು ಈಸ್ಟ್ರೊಜೆನ್ ಎಂಬ ಹಾರ್ಮೋನು. ಅದು ಕೆಡವುವ ಕೋಶಗಳನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ಮುಟ್ಟು ನಿಂತಾಗ ಈ ಕಾವಲು ಹೋಗುತ್ತದೆ. ಮುಂದಿನ ಐದರಿಂದ ಏಳು ವರ್ಷಗಳಲ್ಲಿ ಮೂಳೆಯ ಸಾಂದ್ರತೆಯ ಶೇ 20ರಷ್ಟು ಕರಗಿಹೋಗಬಹುದು. ಋತುಬಂಧಕ್ಕೂ ಮೂಳೆ ಸವೆತಕ್ಕೂ ಇರುವ ಈ ನಂಟನ್ನು ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ ಮತ್ತು ಸಹೋದ್ಯೋಗಿಗಳು 1941ರಲ್ಲೇ ವಿವರಿಸಿದ್ದರು. ಪಾಶ್ಚಾತ್ಯ ದೇಶಗಳಲ್ಲಿ ಸ್ವಾಭಾವಿಕ ಋತುಬಂಧದ ಸರಾಸರಿ ವಯಸ್ಸು 51ರ ಆಸುಪಾಸಿನಲ್ಲಿದ್ದರೆ ನಮ್ಮ ದೇಶದಲ್ಲಿ 46-47. ಎಂದರೆ ನಮ್ಮ ಹೆಂಗಸರ ಖಾತೆಯಿಂದ ಹಣ ತೆಗೆಯುವ ಕಾಲ ನಾಲ್ಕೈದು ವರ್ಷ ಮೊದಲೇ ಆರಂಭವಾಗುತ್ತದೆ. ನಲವತ್ತಕ್ಕೂ ಮುಂಚೆಯೇ ಅಂಡಾಶಯಗಳ ಸಹಿತ ಗರ್ಭಕೋಶ ತೆಗೆಸಿಕೊಂಡವರ ಪಾಡು ಇನ್ನೂ ಕಠಿಣ.

ಈ ಸವೆತಕ್ಕೆ ನೋವಿಲ್ಲ, ಜ್ವರವಿಲ್ಲ. ಮಣಿಕಟ್ಟು, ಬೆನ್ನುಹುರಿಯ ಮಣಿಗಳು, ಸೊಂಟದ ಭಾಗ, ಈ ಮೂರರಲ್ಲೊಂದು ಮುರಿದಾಗಲೇ ಅದು ಕಾಣಿಸಿಕೊಳ್ಳುವುದು. ಐವತ್ತರ ಆಚೀಚೆ ಮುರಿಯುವ ಮಣಿಕಟ್ಟು ಎಷ್ಟೋ ವೇಳೆ ಮೊದಲ ಎಚ್ಚರಿಕೆ. ನನ್ನ ತಾಯಿ ತುಮಕೂರು ಸೀಮೆಯವರು. ಜೀವಮಾನವಿಡೀ ರಾಗಿ ಉಂಡವರು, ಬಾವಿಯಿಂದ ನೀರು ಹೊತ್ತವರು. ಅವರ ಬೆನ್ನೂ ಎಪ್ಪತ್ತರ ಹೊತ್ತಿಗೆ ಬಾಗಿ, ಎತ್ತರ ಒಂದು ಗೇಣಿನಷ್ಟು ಕುಗ್ಗಿತ್ತು. ನಾವದನ್ನು ‘ವಯಸ್ಸು’ ಎಂದೆವು. ಬೆನ್ನಿನ ಮಣಿಗಳು ಒಂದೊಂದಾಗಿ ಸದ್ದಿಲ್ಲದೆ ಕುಸಿದಿದ್ದವೆಂದು ಈಗ ಅರ್ಥವಾಗುತ್ತಿದೆ. ಹಳೆಯ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತು ಎಂಬ ವಾದಕ್ಕೆ ಆದ್ದರಿಂದಲೇ ನಾನು ಸಿದ್ಧನಿಲ್ಲ. ಸೊಂಟದ ಮೂಳೆ ಮುರಿದ ವೃದ್ಧರಲ್ಲಿ ಸುಮಾರು ಐವರಲ್ಲೊಬ್ಬರು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ; ಬದುಕುಳಿದವರಲ್ಲಿ ಅನೇಕರು ಮತ್ತೆ ಮೊದಲಿನಂತೆ ಒಬ್ಬರೇ ನಡೆಯಲಾರರು. ಇದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ನ್ಯಾಯವಲ್ಲ.

ಮನೆಯೊಳಗಿನ ಪಡಿತರ

ಪತ್ನಿ ಹಾಸಿಗೆಯಲ್ಲಿದ್ದ ದಿನಗಳಲ್ಲಿ ನಾನೊಂದು ಕೆಲಸ ಮಾಡಿದೆ. ಅವಳು ಬೀಳುವ ಮುಂಚಿನ ಒಂದು ಸಾಮಾನ್ಯ ದಿನದಲ್ಲಿ ಏನು ತಿನ್ನುತ್ತಿದ್ದಳೆಂದು ನೆನಪಿಸಿಕೊಂಡು, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ಇಡ್ಲಿ, ಅನ್ನ ಎಲ್ಲ ಸೇರಿ ಸುಮಾರು 300 ಗ್ರಾಂ ಅಕ್ಕಿ. ಇದರಿಂದ ಬರುವ ಕ್ಯಾಲ್ಸಿಯಂ 25 ಮಿಲಿಗ್ರಾಂ. ಸಾರು, ಹುಳಿಯ ಬೇಳೆಯಿಂದ 40. ಪಲ್ಯದಿಂದ 50. ಎರಡು ಲೋಟ ಕಾಫಿಯ ಹಾಲಿನಿಂದ 120. ಕೊನೆಯಲ್ಲಿ ಅನ್ನಕ್ಕೆ ಕಲಸಿಕೊಳ್ಳುತ್ತಿದ್ದ ನೀರುಮಜ್ಜಿಗೆಯಿಂದ 60. ಒಟ್ಟು 300ಕ್ಕೂ ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2010ರಲ್ಲಿ ವಯಸ್ಕರಿಗೆ ದಿನಕ್ಕೆ 600 ಮಿಲಿಗ್ರಾಂ ಎಂದಿತ್ತು. 2020ರ ಪರಿಷ್ಕರಣೆಯಲ್ಲಿ ಅದನ್ನು 1,000ಕ್ಕೆ ಏರಿಸಿ, ಋತುಬಂಧ ದಾಟಿದ ಮಹಿಳೆಯರಿಗೆ 1,200 ಎಂದು ಗೊತ್ತುಪಡಿಸಿತು. ಅವಳಿಗೆ ದೊರಕುತ್ತಿದ್ದುದು ಅದರ ಕಾಲು ಭಾಗ.

ನಮ್ಮ ಮನೆಗೆ ಹಾಲು ಕಡಿಮೆ ಬರುತ್ತಿತ್ತೇ? ಇಲ್ಲ. ದಿನಕ್ಕೆ ಒಂದೂವರೆ ಲೀಟರು ಬರುತ್ತಿತ್ತು. ಮೊಸರಿನ ಪಾತ್ರೆ ಮೇಜಿನ ಮೇಲೆ ಬಂದಾಗ ಗಟ್ಟಿ ಮೊಸರು ನನಗೆ, ಮಗನಿಗೆ, ಮೊಮ್ಮಕ್ಕಳಿಗೆ. ಎಲ್ಲರ ಊಟ ಮುಗಿದ ಮೇಲೆ ಪಾತ್ರೆಯ ತಳಕ್ಕೆ ನೀರು ಬೆರೆಸಿ ಅವಳು ಮಜ್ಜಿಗೆ ಮಾಡಿಕೊಳ್ಳುತ್ತಿದ್ದಳು. ಮೂವತ್ತೈದು ವರ್ಷ ಹೀಗೆಯೇ ನಡೆಯಿತು. ಯಾರೂ ಹಾಗೆ ವಿಧಿಸಿರಲಿಲ್ಲ. ಯಾರೂ ಅದನ್ನು ತಪ್ಪೆಂದು ಗಮನಿಸಲೂ ಇಲ್ಲ.

ನಮ್ಮ ಗ್ರಾಹಕ ವೆಚ್ಚದ ಸಮೀಕ್ಷೆಗಳು ಮನೆಯನ್ನು ಒಂದು ಘಟಕವೆಂದು ಎಣಿಸುತ್ತವೆ. ಮನೆಗೆ ಬಂದ ಹಾಲನ್ನು ತಲೆಗಳ ಸಂಖ್ಯೆಯಿಂದ ಭಾಗಿಸಿ ‘ತಲಾ ಬಳಕೆ’ ಎನ್ನುತ್ತೇವೆ. ಆ ಲೆಕ್ಕದಲ್ಲಿ ನನ್ನ ಪತ್ನಿ ದಿನಕ್ಕೆ ಕಾಲು ಲೀಟರು ಹಾಲು ಕುಡಿದವಳು. ಕುಟುಂಬದೊಳಗಿನ ಹಂಚಿಕೆಯನ್ನು ಪ್ರಶ್ನಿಸದೆ ಸರಾಸರಿಯನ್ನು ನಂಬಬಾರದೆಂದು ಅಮರ್ತ್ಯ ಸೇನ್ 1980ರ ದಶಕದಿಂದಲೇ ಬರೆಯುತ್ತಾ ಬಂದರು. ನಾನದನ್ನು ಓದಿದ್ದೆ, ಸಭೆಗಳಲ್ಲಿ ಉಲ್ಲೇಖಿಸಿಯೂ ಇದ್ದೆ. ನನ್ನ ಊಟದ ಮೇಜಿಗೆ ಮಾತ್ರ ಅನ್ವಯಿಸಿರಲಿಲ್ಲ.

ಮಾತ್ರೆ ಏನು ಮಾಡಬಲ್ಲದು?

ಕೊರತೆ ಇದೆಯೆಂದರೆ ಮಾತ್ರೆ ನುಂಗಿದರೆ ಆಯಿತಲ್ಲ ಎಂದು ಓದುಗರು ಕೇಳಬಹುದು. ಔಷಧದಂಗಡಿಯ ಮುಂಗಟ್ಟಿನ ತುಂಬ ಕ್ಯಾಲ್ಸಿಯಂ, ವಿಟಮಿನ್ ‘ಡಿ’ ಡಬ್ಬಿಗಳಿವೆ. ಹೆಂಗಸರ ಚಿತ್ರವಿರುವ ಪುಡಿಗಳಿವೆ. ಇವುಗಳ ಬಗ್ಗೆ ಕಳೆದ ಮೂವತ್ತು ವರ್ಷಗಳಲ್ಲಿ ದೊಡ್ಡ ಪ್ರಯೋಗಗಳೇ ನಡೆದಿವೆ. ಅವುಗಳ ಫಲಿತಾಂಶ ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುತ್ತದೆ.

1992ರಲ್ಲಿ ಫ್ರಾನ್ಸಿನ ವೃದ್ಧಾಶ್ರಮಗಳ 3,270 ಮಹಿಳೆಯರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 84. ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ, 800 ಯೂನಿಟ್ ವಿಟಮಿನ್ ‘ಡಿ’ ಪಡೆದವರಲ್ಲಿ ಹದಿನೆಂಟು ತಿಂಗಳಲ್ಲಿ ಸೊಂಟದ ಮೂಳೆ ಮುರಿತ ಶೇ 43ರಷ್ಟು ಕಡಿಮೆಯಾಗಿತ್ತು. 2006ರಲ್ಲಿ ಅಮೆರಿಕದಿಂದ ಬಂದ ಫಲಿತಾಂಶ ಬೇರೆಯೇ. ಅಲ್ಲಿ ಋತುಬಂಧ ದಾಟಿದ 36,282 ಮಹಿಳೆಯರನ್ನು ಸರಾಸರಿ ಏಳು ವರ್ಷ ಗಮನಿಸಲಾಗಿತ್ತು. ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 400 ಯೂನಿಟ್ ‘ಡಿ’ ಕೊಟ್ಟಾಗ ಸೊಂಟದ ಮೂಳೆಯ ಸಾಂದ್ರತೆ ಶೇ 1ರಷ್ಟು ಹೆಚ್ಚಿತು. ಆದರೆ ಮುರಿತದಲ್ಲಿ ಖಚಿತವಾದ ಇಳಿಕೆ ಕಾಣಲಿಲ್ಲ. ಮೂತ್ರಪಿಂಡದ ಕಲ್ಲು ಮಾತ್ರ ಶೇ 17ರಷ್ಟು ಹೆಚ್ಚಾಯಿತು. 2022ರಲ್ಲಿ ಪ್ರಕಟವಾದ, 25,871 ಸ್ತ್ರೀ ಪುರುಷರ ಇನ್ನೊಂದು ಅಮೆರಿಕನ್ ಪ್ರಯೋಗದಲ್ಲಿ ದಿನಕ್ಕೆ 2,000 ಯೂನಿಟ್ ‘ಡಿ’ ಐದು ವರ್ಷ ಕೊಟ್ಟರೂ ಮುರಿತ ತಗ್ಗಲಿಲ್ಲ.

ಹಾಗಾದರೆ ಯಾವುದು ಸರಿ? ಎರಡೂ ಸರಿ. ಫ್ರಾನ್ಸಿನ ಆ ಅಜ್ಜಿಯರ ಆಹಾರದಲ್ಲಿ ಇದ್ದದ್ದು ಸುಮಾರು 500 ಮಿಲಿಗ್ರಾಂ ಕ್ಯಾಲ್ಸಿಯಂ. ಬಿಸಿಲು ಕಾಣದ ಅವರ ದೇಹದಲ್ಲಿ ‘ಡಿ’ ತೀರ ಕಡಿಮೆ ಇತ್ತು. ಅಮೆರಿಕದ ಮಹಿಳೆಯರು ಪ್ರಯೋಗಕ್ಕೆ ಸೇರುವ ಮೊದಲೇ ದಿನಕ್ಕೆ ಸರಾಸರಿ 1,100 ಮಿಲಿಗ್ರಾಂಗಿಂತ ಹೆಚ್ಚು ಪಡೆಯುತ್ತಿದ್ದರು. ಕೆರೆ ತುಂಬಿದ ಮೇಲೆ ಸುರಿದ ಮಳೆ ಕೋಡಿಯಲ್ಲಿ ಹರಿದುಹೋಗುತ್ತದೆ. ಬತ್ತಿದ ಕೆರೆಗೆ ಅದೇ ಮಳೆ ಜೀವ. ‘ಮಾತ್ರೆ ನಿಷ್ಪ್ರಯೋಜಕ’ ಎಂಬ ಸುದ್ದಿಶೀರ್ಷಿಕೆಯನ್ನು ಅಮೆರಿಕದಿಂದ ಯಥಾವತ್ತು ತಂದು, ದಿನಕ್ಕೆ 300 ಮಿಲಿಗ್ರಾಂ ಉಣ್ಣುವ ನಮ್ಮ ಹೆಂಗಸರಿಗೆ ಹೇಳುವುದು ತಪ್ಪು. ಹಾಗೆಯೇ ಚೆನ್ನಾಗಿ ಹಾಲು ಮೊಸರು ಉಣ್ಣುವವರೂ ‘ಇರಲಿ’ ಎಂದು ಮಾತ್ರೆ ನುಂಗುವುದೂ ತಪ್ಪು. ಕ್ಯಾಲ್ಸಿಯಂ ಮಾತ್ರೆಗಳಿಂದ ಹೃದಯಾಘಾತದ ಸಂಭವ ಹೆಚ್ಚುತ್ತದೆಯೇ ಎಂಬ ಚರ್ಚೆ 2010ರಿಂದ ನಡೆದಿದ್ದು ಇನ್ನೂ ಇತ್ಯರ್ಥವಾಗಿಲ್ಲ. ಆಹಾರದಿಂದ ಬರುವ ಕ್ಯಾಲ್ಸಿಯಂ ಬಗ್ಗೆ ಅಂಥ ಆತಂಕ ಎದ್ದಿಲ್ಲ.

ಆಹಾರದ ಪರವಾಗಿ ಬಲವಾದ ಸಾಕ್ಷ್ಯ 2021ರಲ್ಲಿ ಆಸ್ಟ್ರೇಲಿಯಾದಿಂದ ಬಂತು. ಅಲ್ಲಿನ 60 ವೃದ್ಧಾಶ್ರಮಗಳ ಏಳು ಸಾವಿರಕ್ಕೂ ಹೆಚ್ಚು ನಿವಾಸಿಗಳಲ್ಲಿ ಅರ್ಧದಷ್ಟು ಮಂದಿಗೆ ಹಾಲು, ಮೊಸರು, ಗಿಣ್ಣನ್ನು ಹೆಚ್ಚಿಸಿ ಕ್ಯಾಲ್ಸಿಯಂ ಪ್ರಮಾಣವನ್ನು 700ರಿಂದ 1,142 ಮಿಲಿಗ್ರಾಂಗೆ ಏರಿಸಲಾಯಿತು, ಪ್ರೋಟೀನೂ ಹೆಚ್ಚಿತು. ಎರಡು ವರ್ಷದಲ್ಲಿ ಒಟ್ಟು ಮೂಳೆ ಮುರಿತ ಶೇ 33ರಷ್ಟು, ಸೊಂಟದ ಮುರಿತ ಶೇ 46ರಷ್ಟು ಇಳಿಯಿತು. ಅಡುಗೆಮನೆಯ ಬದಲಾವಣೆಯೊಂದರಿಂದ ಬಂದ ಈ ಫಲ ಯಾವ ಜಾಹೀರಾತಿಗೂ ವಸ್ತುವಾಗಲಿಲ್ಲ.

ವಿಟಮಿನ್ ‘ಡಿ’ ಬಗ್ಗೆ ಒಂದು ಎಚ್ಚರಿಕೆಯ ಮಾತು. ನಮ್ಮಲ್ಲಿ 60,000 ಯೂನಿಟ್‌ನ ಪೊಟ್ಟಣಗಳು ಚೀಟಿ ಇಲ್ಲದೆಯೂ ಸಿಗುತ್ತವೆ. ವೈದ್ಯರು ಕೊರತೆ ತುಂಬಲು ಎಂಟು ವಾರಕ್ಕೆಂದು ಬರೆದದ್ದನ್ನು ವರ್ಷಗಟ್ಟಲೆ ನುಂಗುವವರನ್ನು ನಾನು ಕಂಡಿದ್ದೇನೆ. ಇದು ಕೊಬ್ಬಿನಲ್ಲಿ ಶೇಖರವಾಗುವ ವಸ್ತು. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಅಪಾಯ. 2010ರಲ್ಲಿ ವರದಿಯಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ 2,256 ವೃದ್ಧೆಯರ ಪೈಕಿ ಅರ್ಧದಷ್ಟು ಮಂದಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಡಲಾಗಿತ್ತು. ಅವರಲ್ಲಿ ಬೀಳುವುದು ಶೇ 15, ಮೂಳೆ ಮುರಿಯುವುದು ಶೇ 26 ಹೆಚ್ಚಾಯಿತು. ಒಳ್ಳೆಯದು ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಿಯಮ ಇಲ್ಲಿ ನಡೆಯದು.

ತಟ್ಟೆಯಲ್ಲಿ ಇರಬೇಕಾದದ್ದು

ಕನ್ನಡ ನಾಡಿಗೆ ಈ ವಿಷಯದಲ್ಲಿ ಒಂದು ಅದೃಷ್ಟವಿದೆ. ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. ನೂರು ಗ್ರಾಂ ಅಕ್ಕಿಯಲ್ಲಿ 10 ಮಿಲಿಗ್ರಾಂಗಿಂತ ಕಡಿಮೆ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ರಾಗಿಯಲ್ಲಿ 340ರಿಂದ 360 ಮಿಲಿಗ್ರಾಂ ಇದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ಆಫ್ರಿಕದ ಮತ್ತು ಭಾರತದ ತಳಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದಾಗ ಬಡವರ ಹೊಟ್ಟೆ ತುಂಬಿತು. ಅವರ ಮೂಳೆಗೂ ಆಸರೆಯಾಯಿತು. ಆದರೆ ನಗರಕ್ಕೆ ಬಂದ ಮಧ್ಯಮ ವರ್ಗ ಮೊದಲು ಬಿಟ್ಟದ್ದು ಮುದ್ದೆಯನ್ನೇ. ಈಗ ಅದು ಸಕ್ಕರೆ ಬೆರೆಸಿದ ಬಿಸ್ಕತ್ತಿನ ರೂಪದಲ್ಲಿ ದುಬಾರಿ ಬೆಲೆಗೆ ಹಿಂದಿರುಗಿದೆ.

ಆದರೂ ರಾಗಿಯೊಂದನ್ನೇ ನೆಚ್ಚಲಾಗದು. ಅದರಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ದೇಹಗತವಾಗುವುದನ್ನು ಅಷ್ಟಿಷ್ಟು ತಡೆಯುತ್ತದೆ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಹಿಟ್ಟು ಮಾಡುವ ಅಥವಾ ಅಂಬಲಿಯನ್ನು ಹುಳಿಬರಿಸುವ ನಮ್ಮ ಅಜ್ಜಿಯರ ಕ್ರಮ ಈ ತಡೆಯನ್ನು ಕಡಿಮೆ ಮಾಡುತ್ತದೆ. ಸೊಪ್ಪಿನಲ್ಲೂ ಭೇದವಿದೆ. ಪಾಲಕ್‌ನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್‌ನೊಂದಿಗೆ ಬಿಗಿದುಕೊಂಡಿರುವುದರಿಂದ ನೂರರಲ್ಲಿ ಐದು ಪಾಲು ಮಾತ್ರ ದಕ್ಕುತ್ತದೆ. ಹಾಲಿನದು ಮೂವತ್ತು ಪಾಲು. ನುಗ್ಗೆಸೊಪ್ಪು, ದಂಟಿನಸೊಪ್ಪು ತಲಾ ನೂರು ಗ್ರಾಂಗೆ 300 ಮಿಲಿಗ್ರಾಂ ದಾಟುತ್ತವೆ. ದಂಟಿನಲ್ಲೂ ಆಕ್ಸಲೇಟ್ ಇರುವುದರಿಂದ ಸೊಪ್ಪುಗಳನ್ನು ಬದಲಿಸುತ್ತಾ ಬಳಸುವುದು ಒಳಿತು. ಹುರುಳಿಕಾಳು, ಕರಿಬೇವು, ಎಳ್ಳು ಇವೂ ಸಮೃದ್ಧ. ಉತ್ತರ ಕರ್ನಾಟಕದ ಜೋಳದಲ್ಲಿ ರಾಗಿಯ ಹತ್ತನೆಯ ಒಂದು ಪಾಲಿನಷ್ಟೂ ಕ್ಯಾಲ್ಸಿಯಂ ಇಲ್ಲ. ಆದರೆ ರೊಟ್ಟಿಯ ಜೊತೆಗಿನ ಮೊಸರು, ಗುರೆಳ್ಳು ಚಟ್ನಿ, ಹಸಿ ಮೆಂತ್ಯಸೊಪ್ಪು ಆ ಕೊರತೆಯನ್ನು ಒಂದಷ್ಟು ತುಂಬುತ್ತವೆ. ಕರಾವಳಿಯಲ್ಲಿ ಮುಳ್ಳುಸಹಿತ ತಿನ್ನುವ ಸಣ್ಣ ಮೀನು ಉತ್ತಮ ಮೂಲ.

ದಿನಕ್ಕೆ 100 ಗ್ರಾಂ ರಾಗಿಹಿಟ್ಟು, ಹಾಲು ಮೊಸರು ಸೇರಿ 400 ಮಿಲಿಲೀಟರು, ಒಂದು ಹಿಡಿ ಸೊಪ್ಪಿನ ಬಸ್ಸಾರು, ಎರಡು ಚಮಚ ಎಳ್ಳಿನ ಪುಡಿ. ಇಷ್ಟಾದರೆ ಬೇಳೆಕಾಳು, ತರಕಾರಿಗಳ ಪಾಲೂ ಸೇರಿ 1,200ರ ಹತ್ತಿರ ತಲುಪಬಹುದು. ಪ್ರೋಟೀನನ್ನು ಮರೆಯಬಾರದು. ಮೂಳೆಯ ಚೌಕಟ್ಟು ಪ್ರೋಟೀನಿನದು. ಬೀಳದಂತೆ ಹಿಡಿದು ನಿಲ್ಲಿಸುವ ಸ್ನಾಯುವೂ ಪ್ರೋಟೀನಿನದೇ. ಸಾರಿನ ತಿಳಿಯನ್ನಷ್ಟೇ ಬಡಿಸಿಕೊಂಡು ಬೇಳೆಯ ಗಟ್ಟಿಯನ್ನು ಇತರರಿಗೆ ಬಿಡುವ ಅಭ್ಯಾಸ ಇಲ್ಲೂ ಹಾನಿ ಮಾಡುತ್ತದೆ. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳಗಳ ಮೇಲೆ ಹಿಡಿತವಿರಲಿ. ಕಾಫಿಪ್ರಿಯರು ಗಾಬರಿಯಾಗಬೇಕಿಲ್ಲ. ಒಂದು ಲೋಟ ಕಾಫಿಯಿಂದಾಗುವ ನಷ್ಟವನ್ನು ಅದಕ್ಕೆ ಬೆರೆಸುವ ಹಾಲೇ ಭರಿಸುತ್ತದೆ.

ಇನ್ನು ಬಿಸಿಲು. ವರ್ಷವಿಡೀ ಸೂರ್ಯನಿರುವ ನಾಡಿನಲ್ಲಿ ‘ಡಿ’ ಕೊರತೆ ಹೇಗೆ? ತಿರುಪತಿಯ ಸುತ್ತಮುತ್ತ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಆರೋಗ್ಯವಂತ ದಕ್ಷಿಣ ಭಾರತೀಯರಲ್ಲೇ ಕಡಿಮೆ ಕ್ಯಾಲ್ಸಿಯಂ, ಹೆಚ್ಚು ಫೈಟೇಟ್, ‘ಡಿ’ ಕೊರತೆ ಮೂರೂ ಒಟ್ಟಿಗಿರುವುದನ್ನು ತೋರಿಸಿತು. ಬೆಳಗಿನ ಎಳೆಬಿಸಿಲಿನಲ್ಲಿ ‘ಡಿ’ ತಯಾರಿಸುವ ಕಿರಣಗಳು ತೀರ ಕಡಿಮೆ. ಹನ್ನೊಂದರಿಂದ ಎರಡು ಗಂಟೆಯ ಬಿಸಿಲೇ ಪರಿಣಾಮಕಾರಿ. ಕಿಟಕಿಯ ಗಾಜಿನೊಳಗಿಂದ ಬಂದದ್ದು ಲೆಕ್ಕಕ್ಕಿಲ್ಲ. ಕೈ, ಮುಖ, ಕಾಲುಗಳಿಗೆ ಕೆಲವು ನಿಮಿಷ ಆ ಬಿಸಿಲು ತಾಗಬೇಕು. ಮಹಡಿಯ ಮೇಲೆ ಹಪ್ಪಳ ಸಂಡಿಗೆ ಹಾಕುತ್ತಿದ್ದ ಕಾಲದಲ್ಲಿ ಇದು ತಾನಾಗಿ ನಡೆಯುತ್ತಿತ್ತು. ಹಾಲಿನ ಪೊಟ್ಟಣದ ಮೇಲೆ ‘ಪ್ಲಸ್ ಎಫ್’ ಚಿಹ್ನೆ ಇದ್ದರೆ ಅದಕ್ಕೆ ‘ಎ’ ಮತ್ತು ‘ಡಿ’ ಸೇರಿಸಲಾಗಿದೆ ಎಂದರ್ಥ.

ಆಹಾರದಿಂದ ಸಾಲದವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲಿ. ಕೊರತೆ ಇರುವಷ್ಟನ್ನು ಮಾತ್ರ. ಕೆಲವು ಸರಳ ಸಂಗತಿಗಳು ಗೊತ್ತಿರಬೇಕು. 1,250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಬರೆದಿದ್ದರೆ ಅದರಲ್ಲಿರುವ ಕ್ಯಾಲ್ಸಿಯಂ 500 ಮಿಲಿಗ್ರಾಂ ಮಾತ್ರ. ದೇಹ ಒಮ್ಮೆಗೆ ಅದಕ್ಕಿಂತ ಹೆಚ್ಚನ್ನು ಚೆನ್ನಾಗಿ ಹೀರಿಕೊಳ್ಳದು. ಕಾರ್ಬೊನೇಟನ್ನು ಊಟದ ಜೊತೆ ತೆಗೆದುಕೊಳ್ಳಬೇಕು. ಸಿಟ್ರೇಟ್ ಆದರೆ ಖಾಲಿ ಹೊಟ್ಟೆಗೂ ಆದೀತು. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಕಬ್ಬಿಣಾಂಶದ ಮಾತ್ರೆಯೊಂದಿಗೂ ಕೂಡಿಸಬಾರದು. ನನ್ನ ಪತ್ನಿ ಥೈರಾಯ್ಡ್ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಬೆಳಗಿನ ಕಾಫಿಗೆ ಮುಂಚೆ ಒಟ್ಟಿಗೇ ನುಂಗುತ್ತಿದ್ದಳು. ಮೂತ್ರಪಿಂಡದ ತೊಂದರೆ, ಕಲ್ಲಿನ ಇತಿಹಾಸ ಇರುವವರು ಕೇಳದೆ ಏನನ್ನೂ ತೆಗೆದುಕೊಳ್ಳಬಾರದು.

ಮುರಿದ ಮೇಲೆ

ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಎಂದರೆ ಕ್ಯಾಲ್ಸಿಯಂ ಮಾತ್ರೆಯೇ ಮೂಳೆ ಸವೆತದ ಔಷಧ ಎಂಬುದು. ಇಟ್ಟಿಗೆ ತಂದು ರಾಶಿ ಹಾಕಿದರೆ ಕೆಡವುವವರು ನಿಲ್ಲುವುದಿಲ್ಲ. ಅವರನ್ನು ತಡೆಯುವ ಔಷಧಗಳು ಬೇರೆ. 1996ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆಗಲೇ ಬೆನ್ನಿನ ಮಣಿ ಮುರಿದಿದ್ದ 2,027 ಮಹಿಳೆಯರಲ್ಲಿ ಅಲೆಂಡ್ರೊನೇಟ್ ಎಂಬ ಔಷಧ ಪಡೆದವರಿಗೆ ಹೊಸದಾಗಿ ಬೆನ್ನು, ಸೊಂಟ ಮುರಿಯುವುದು ಸುಮಾರು ಅರ್ಧಕ್ಕೆ ಇಳಿಯಿತು. ಎರಡೂ ಗುಂಪಿನ ಬಹುಪಾಲು ಮಂದಿಗೆ ಕ್ಯಾಲ್ಸಿಯಂ ಕೊಡಲಾಗಿತ್ತು ಎಂಬುದನ್ನು ಗಮನಿಸಬೇಕು. ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಔಷಧವೂ ಇದೆ. ಇವುಗಳಿಗೆ ಅಡ್ಡಪರಿಣಾಮಗಳಿವೆ, ಯಾರಿಗೆ ಯಾವುದು, ಎಷ್ಟು ವರ್ಷ ಎಂಬುದು ವೈದ್ಯರ ನಿರ್ಧಾರ. ಆದರೆ ಅಂಥದ್ದೊಂದು ಇದೆ ಎಂಬುದನ್ನೇ ಹೇಳದೆ ಮನೆಗೆ ಕಳುಹಿಸುವುದು ಸರಿಯಲ್ಲ. ನನ್ನ ಪತ್ನಿಯ ಮಣಿಕಟ್ಟು ಮುರಿದಾಗಲೇ ಸಾಂದ್ರತೆಯ ಪರೀಕ್ಷೆ ಆಗಿದ್ದರೆ ನಮಗೆ ಏಳು ವರ್ಷದ ಕಾಲಾವಕಾಶವಿತ್ತು.

ಇಲ್ಲಿ ಆಡಳಿತ ಮಾಡಬಹುದಾದ, ಹೆಚ್ಚು ವೆಚ್ಚವಿಲ್ಲದ ಕೆಲಸಗಳಿವೆ. ಮೊದಲನೆಯದು: ಐವತ್ತು ದಾಟಿದ ಮಹಿಳೆ ಸಣ್ಣ ಪೆಟ್ಟಿಗೆ ಮೂಳೆ ಮುರಿದುಕೊಂಡು ಯಾವುದೇ ಆಸ್ಪತ್ರೆಗೆ ಬಂದರೂ, ಮೂಳೆಯ ಆರೋಗ್ಯದ ಬಗ್ಗೆ ಏನು ಮಾಡಬೇಕೆಂಬ ಒಂದು ಸಾಲು ಆಕೆಯ ಬಿಡುಗಡೆಯ ಚೀಟಿಯಲ್ಲಿ ಕಡ್ಡಾಯವಾಗಿ ಇರಲಿ. ಎರಡನೆಯದು: ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರ ದೊಡ್ಡ ಊರುಗಳಿಗೆ ಸೀಮಿತವಾಗಿರಬಹುದು. ಆದರೆ ವಯಸ್ಸು, ತೂಕ, ಹಿಂದಿನ ಮುರಿತ, ತಂದೆ ತಾಯಿಯ ಸೊಂಟದ ಮುರಿತ, ಸ್ಟಿರಾಯ್ಡ್ ಬಳಕೆ ಮುಂತಾದ ಪ್ರಶ್ನೆಗಳಿಂದಲೇ ಅಪಾಯವನ್ನು ಅಂದಾಜಿಸುವ ‘ಫ್ರಾಕ್ಸ್’ ಎಂಬ ವಿಧಾನ 2008ರಿಂದ ಲಭ್ಯವಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಮಧುಮೇಹ ನೋಡುವ ಸಿಬ್ಬಂದಿಯೇ ಈ ಪ್ರಶ್ನೆಗಳನ್ನು ಕೇಳಬಹುದು. ಮೂರನೆಯದು: 2013ರಲ್ಲಿ ಆರಂಭವಾದ ಅನ್ನಭಾಗ್ಯ ಹಸಿವನ್ನು ನೀಗಿದ್ದು ನಿಜ, ಅದರ ಜೊತೆಗೆ ರಾಗಿ ಬೆಳೆಯುವ ಜಿಲ್ಲೆಗಳಲ್ಲಿ ರಾಗಿಯ ಪಾಲು ಸ್ಥಿರವಾಗಿ, ವರ್ಷವಿಡೀ ಸಿಗುವಂತಾಗಲಿ. ಅದೇ ವರ್ಷ ಶುರುವಾದ ಕ್ಷೀರಭಾಗ್ಯ ಶಾಲೆಯ ಹೆಣ್ಣುಮಕ್ಕಳ ಮೂಳೆಯ ಖಾತೆಗೆ ಹಾಕುವ ಜಮೆ ಎಂಬ ದೃಷ್ಟಿಯಿಂದಲೂ ಅದನ್ನು ಉಳಿಸಿಕೊಳ್ಳಬೇಕು. ಐವತ್ತರ ಹೆಂಗಸಿನ ಮೂಳೆ ನಿರ್ಧಾರವಾಗುವುದು ಬಹುಮಟ್ಟಿಗೆ ಹದಿನೈದರ ಹುಡುಗಿಯ ತಟ್ಟೆಯಲ್ಲಿ.

ಮನೆಯಲ್ಲಿ ಮಾಡಬೇಕಾದದ್ದೂ ಇದೆ. ಮೂಳೆ ಎಷ್ಟು ಸವೆದಿದ್ದರೂ ಬೀಳದಿದ್ದರೆ ಸೊಂಟ ಮುರಿಯುವ ಸಂಭವ ತೀರ ಕಡಿಮೆ. ಬಚ್ಚಲಲ್ಲಿ ಹಿಡಿಕೆ, ಜಾರದ ನೆಲ, ರಾತ್ರಿ ಸಣ್ಣ ದೀಪ, ಕಣ್ಣಿನ ಪೊರೆಯ ಚಿಕಿತ್ಸೆ, ತಲೆಸುತ್ತು ತರುವ ಮಾತ್ರೆಗಳ ಪರಿಶೀಲನೆ ಇವು ಯಾವ ಟಾನಿಕ್‌ಗಿಂತಲೂ ಉಪಯುಕ್ತ. ನಡಿಗೆ ಒಳ್ಳೆಯದು; ಮೆಟ್ಟಿಲು ಹತ್ತುವುದು, ಶಕ್ತ್ಯಾನುಸಾರ ಭಾರ ಎತ್ತುವುದು, ಗೋಡೆ ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸ ಇನ್ನೂ ಒಳ್ಳೆಯದು. ಈಗಾಗಲೇ ಮುರಿದವರು ಇದನ್ನು ಫಿಸಿಯೊಥೆರಪಿಸ್ಟರ ಮಾರ್ಗದರ್ಶನದಲ್ಲೇ ಮಾಡಬೇಕು.

ನನ್ನ ಪತ್ನಿ ಈಗ ಕೋಲು ಹಿಡಿದು ನಡೆಯುತ್ತಾಳೆ. ಔಷಧ ನಡೆದಿದೆ. ನಮ್ಮ ಮನೆಯಲ್ಲಿ ಬದಲಾದದ್ದು ಒಂದು ಪದ್ಧತಿ. ಎಲ್ಲರೂ ಒಟ್ಟಿಗೆ ಕೂರುತ್ತೇವೆ. ಮೊಸರಿನ ಪಾತ್ರೆ ಮೊದಲು ಅವಳ ಮುಂದೆ ಬರುತ್ತದೆ, ಬಡಿಸುವುದು ನಾನು. ಆರಂಭದಲ್ಲಿ ಅವಳಿಗೆ ಬಹಳ ಸಂಕೋಚವಾಯಿತು. ‘ಮಕ್ಕಳಿಗೆ ಸಾಕಾಗತ್ತೋ ಇಲ್ವೋ ನೋಡಿ ಆಮೇಲೆ ಹಾಕ್ರೀ’ ಎಂದು ಈಗಲೂ ಆಗಾಗ ಹೇಳುತ್ತಾಳೆ. ಸಾಕಾಗುತ್ತದೆ. ಹಿಂದೆಯೂ ಸಾಕಾಗುವಷ್ಟೇ ಇತ್ತು.